ಕಂಡಕ್ಟರ್ ಹತ್ತಿದ ಮೆಟ್ಟಿಲು

ಹೋದ ಡಿಸೆಂಬರ್‌ನಲ್ಲಿ ಮಗಳ ಸ್ಕೂಲಿನ ಸ್ಪೋರ್ಟ್ಸ್ ಡೇ. ಮಕ್ಕಳ ಗೋಣಿಚೀಲದ ಓಟ, ನಿಂಬೆಹಣ್ಣು-ಚಮಚದ ಓಟ ಎಲ್ಲ ಮುಗಿದ ಮೇಲೆ ಮೈಕಿನಲ್ಲಿ, ‘ಈಗ ಅಪ್ಪಂದಿರ ಓಟ, ಎಲ್ಲರೂ ಟ್ರ್ಯಾಕಿಗೆ ಬನ್ನಿ’ ಅಂತ ಕೂಗಿದರು. ದೂರ ಏನಿಲ್ಲ, ಎಂಬತ್ತು ಮೀಟರ್ ಇದ್ದಿರಬಹುದು. ನಾನು ಶರ್ಟಿನ ತೋಳು ಮಡಚಿಕೊಂಡು ನಿಂತೆ. ಒಳಗೊಳಗೇ ಜಂಬ. ಯಾಕಂದ್ರೆ ಹೈಸ್ಕೂಲಿನಲ್ಲಿದ್ದಾಗ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ 1500 ಮೀಟರ್ ಓಟಕ್ಕೆ ಸೆಕೆಂಡ್ ಬಂದವನು ನಾನು. ಆಗ ಕೊಟ್ಟ ಸ್ಟೀಲ್ ತಟ್ಟೆ ಈಗಲೂ ಊರಿನ ಮನೆಯಲ್ಲಿದೆ. ಅಮ್ಮ ಅದನ್ನ ಹಾಲಿನ ಪಾತ್ರೆಗೆ ಮುಚ್ತಾರೆ.

ಸೀಟಿ ಊದಿದರು. ಮೊದಲ ಮೂವತ್ತು ಹೆಜ್ಜೆ ಚೆನ್ನಾಗಿತ್ತು. ಆಮೇಲೆ ತೊಡೆಯ ಹಿಂದೆ ಏನೋ ಹಿಡಿದುಕೊಂಡಿತು, ಉಸಿರು ಗಂಟಲಲ್ಲೇ ನಿಂತಿತು. ಕೊನೆಯ ಇಪ್ಪತ್ತು ಮೀಟರ್ ನಡೆದುಕೊಂಡೇ ಹೋದೆ. ಕಾಂಪೌಂಡ್ ಪಕ್ಕ ಕೂತು ಸುಧಾರಿಸಿಕೊಳ್ಳುವಾಗ ಮಗಳು ಬಂದು ಕೇಳಿದಳು, ‘ಅಪ್ಪಾ, ಮಧ್ಯದಲ್ಲಿ ಯಾಕೆ ನಡ್ಕೊಂಡ್ ಬಂದೆ?’ ಅವಳ ದನಿಯಲ್ಲಿ ಬೇಜಾರೇನೂ ಇರಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳಿದ್ದಳು. ಎದೆ ಬಡಿತ ಹತ್ತು ನಿಮಿಷವಾದರೂ ಇಳಿಯಲಿಲ್ಲ. ನನಗೀಗ ಮೂವತ್ತಾರು. ಅಪ್ಪ ಹೋದಾಗ ಅವರಿಗೆ ಐವತ್ತೊಂದು. ನಡುವೆ ಇರೋದು ಹದಿನೈದು ವರ್ಷ. ಮಗಳು ಆಗ ಇನ್ನೂ ಡಿಗ್ರಿಯಲ್ಲಿರ್ತಾಳೆ. ಈ ಕೂಡು ಕಳೆ ಲೆಕ್ಕ ಆವತ್ತು ರಾತ್ರಿಯೆಲ್ಲ ತಲೆಯಲ್ಲಿ ಓಡಿತು.

ನಮ್ಮೂರಲ್ಲಿ ಓಟ ಅನ್ನೋದನ್ನ ಬೇರೆ ಕೆಲಸ ಅಂತ ಯಾರೂ ಎಣಿಸಿರಲಿಲ್ಲ. ಸ್ಕೂಲು ಮೂರು ಕಿಲೋಮೀಟರ್, ಬಸ್ಸು ತಪ್ಪಿದರೆ ಓಟ. ಎಮ್ಮೆ ಹಗ್ಗ ಕಿತ್ತುಕೊಂಡರೆ ಓಟ. ತ್ರೀ ಫೇಸ್ ಕರೆಂಟು ಬಂತು ಅಂದರೆ ಪಂಪ್‌ಸೆಟ್ ಹಾಕೋಕೆ ತೋಟಕ್ಕೆ ಓಟ. ನಾನು ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಬೆಳಿಗ್ಗೆ ಶೂ ಕಟ್ಟಿಕೊಂಡು ಕೆರೆ ಏರಿ ಮೇಲೆ ಓಡಿ ಬಂದರೆ ಅಮ್ಮ, ‘ಏನೋ ಮಗಾ, ನಾಯಿ ಏನಾರ ಅಟ್ಟಿಸ್ಕೊಂಡ್ ಬಂತಾ?’ ಅಂದರು. ತಮಾಷೆಯಲ್ಲ, ಗಾಬರಿ. ಯಾವ ಕಾರಣವೂ ಇಲ್ಲದೆ ದೊಡ್ಡವರು ಓಡ್ತಾರೆ ಅನ್ನೋದು ಅವರ ಲೋಕದಲ್ಲೇ ಇಲ್ಲ.

ನನ್ನ ಈಗಿನ ಲೋಕ ಇದು: ಐದನೇ ಮಹಡಿ, ಲಿಫ್ಟು, ಬೇಸ್‌ಮೆಂಟು, ಕಾರು, ಔಟರ್ ರಿಂಗ್ ರೋಡು, ಮತ್ತೆ ಲಿಫ್ಟು, ಕುರ್ಚಿ. ಒಂದು ದಿನ ಫೋನ್ ನೋಡಿದರೆ 1,900 ಹೆಜ್ಜೆ. ಅದರಲ್ಲಿ ಅರ್ಧ ಫ್ರಿಜ್ಜಿನ ಕಡೆಗೆ ಹಾಕಿದ್ದು. ಬಗ್ ಎಲ್ಲಿ ಒಳಗೆ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗೋದು ನನ್ನ ಹೊಟ್ಟೆಪಾಡು. ಹಾಗಾಗಿ ಇದನ್ನೂ ಹುಡುಕಿದೆ. ಯಾರೂ ಅಟ್ಟಿಸಿಕೊಂಡು ಬರದೆ, ಬಸ್ಸೂ ತಪ್ಪದೆ, ಪದಕವೂ ಇಲ್ಲದೆ ದೊಡ್ಡವರು ಸುಮ್ಮನೆ ಓಡೋದು ಯಾವಾಗ ಶುರುವಾಯ್ತು? ಹುಡುಕುತ್ತಾ ಹೋದವನು ಸೀದಾ ಹೋಗಿ ಒಂದು ಬಸ್ಸಿಗೆ ಡಿಕ್ಕಿ ಹೊಡೆದೆ. ಅದಕ್ಕೆ ಮೊದಲು ನಮ್ಮಪ್ಪನ ಬಸ್ಸಿನ ಕಥೆ ಹೇಳಿಬಿಡ್ತೀನಿ.

ಅಪ್ಪ ಬಸ್ ಡ್ರೈವರ್. ಬೆಳಗಿನ ಜಾವ ಡಿಪೋಗೆ ಹೋದರೆ ಬರೋದು ರಾತ್ರಿ. ಬಿಸಿ ಇಂಜಿನ್ ಪಕ್ಕ ಕೂತು ಕೂತು ಖಾಕಿ ಪ್ಯಾಂಟಿನ ಹಿಂಭಾಗ ಬೇಗ ಸವೆದು ಹೋಗುತ್ತಿತ್ತು. ಅಮ್ಮ ಒಳಗಡೆಯಿಂದ ತೇಪೆ ಹಾಕೋರು. ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ, ಒಂದು ಭಾನುವಾರ, ರಜದ ದಿನ, ಎದೆ ಉರಿ ಅಂತ ಜೀರಿಗೆ ಕಷಾಯ ಕುಡಿದು ಮಲಗಿದವರು ಏಳಲಿಲ್ಲ. ಅಪ್ಪನ ಜೊತೆ ಅದೇ ರೂಟಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಕಂಡಕ್ಟರ್ ಒಬ್ಬರಿದ್ದಾರೆ. ನಾವು ಮಾಮ ಅಂತ ಕರೆಯೋದು. ಆ ಕಾಲದ ಕಂಡಕ್ಟರ್ ಕೆಲಸ ಅಂದರೆ ಬರೀ ಟಿಕೆಟ್ ಹರಿಯೋದಲ್ಲ. ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಜನರ ಮಧ್ಯೆ ನುಗ್ಗಬೇಕು, ಹಿಂದಿನ ಏಣಿ ಹತ್ತಿ ಟಾಪ್ ಮೇಲೆ ತೆಂಗಿನಕಾಯಿ ಚೀಲ ಹಾಕಿಸಬೇಕು, ಇಳಿದು ಬಂದು ‘ರೈಟ್’ ಅನ್ನಬೇಕು, ಹತ್ತು ಮಾರು ಹೋಗುವಷ್ಟರಲ್ಲಿ ‘ಹೋಲ್ಡಾನ್’ ಅನ್ನಬೇಕು. ಮಾಮನಿಗೆ ಈಗ ಎಪ್ಪತ್ತು ದಾಟಿದೆ. ಮಂಗಳವಾರದ ಸಂತೆಗೆ ಈಗಲೂ ನಡೆದೇ ಹೋಗ್ತಾರೆ.

ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್ ಇಟ್ಟುಕೊಂಡು ಯಾವ ತೀರ್ಮಾನಕ್ಕೂ ಬರೋಕಾಗಲ್ಲ, ಗೊತ್ತು. ಆದರೆ ಲಂಡನ್ನಿನಲ್ಲಿ ಒಬ್ಬ ಡಾಕ್ಟರು ಸುಮಾರು 31,000 ಜನರನ್ನ ಇಟ್ಟುಕೊಂಡು ಇದನ್ನೇ ನೋಡಿದ್ದರು.

ಅವರ ಹೆಸರು ಜೆರೆಮಿ ಮಾರಿಸ್. ಎರಡನೇ ಮಹಾಯುದ್ಧ ಮುಗಿದ ಹೊತ್ತು. ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯೋದು ಏರುತ್ತಲೇ ಇತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಮಾರಿಸ್ ಮತ್ತು ಜೊತೆಗಾರರು ಬೇರೆ ಬೇರೆ ಕಸುಬಿನವರನ್ನು ಹೋಲಿಸಿ ನೋಡಲು ಹೊರಟರು. ಲಂಡನ್ನಿನ ಡಬಲ್ ಡೆಕರ್ ಬಸ್ಸು ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಡ್ರೈವರ್ ಪಾಳಿಯ ಶೇಕಡಾ 90ರಷ್ಟು ಹೊತ್ತು ಕೂತೇ ಇರ್ತಾನೆ. ಕಂಡಕ್ಟರ್ ಟಿಕೆಟ್ ಕೊಡೋಕೆ ಮೇಲಿನ ಡೆಕ್ಕಿಗೆ ಹತ್ತಿ ಇಳಿದು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಲೆಕ್ಕ ಬಂದಾಗ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಬಂದವರಿಗೂ ತಡವಾಗಿ ಬಂದಿತ್ತು, ಬಂದ ಕೂಡಲೇ ಸಾಯುವವರೂ ಕಡಿಮೆ ಇದ್ದರು.

ನನಗೆ ಮಾರಿಸ್ ಇಷ್ಟವಾಗಿದ್ದು ಇಲ್ಲಿಂದ ಮುಂದೆ. 1949ರಲ್ಲೇ ಈ ಫಲಿತಾಂಶ ಕೈಯಲ್ಲಿದ್ದರೂ ಅವರು ಅವಸರ ಮಾಡಲಿಲ್ಲ. ಇದು ಬಸ್ಸಿನದೇ ಏನೋ ಗುಟ್ಟಿರಬಹುದು ಅಂತ ಅಂಚೆ ಇಲಾಖೆಗೆ ಹೋದರು. ಅಲ್ಲೂ ಅದೇ ಕಥೆ. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮನ್‌ಗಳು ಕೂತು ಕೆಲಸ ಮಾಡುವ ಗುಮಾಸ್ತರಿಗಿಂತ ಗಟ್ಟಿ. ಆಮೇಲೆ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಗೂ ಬಿಡಲಿಲ್ಲ. ಮೊದಲೇ ದಪ್ಪಗಿರುವವರು ಡ್ರೈವರ್ ಕೆಲಸಕ್ಕೆ ಸೇರಿಕೊಳ್ತಾರಾ ಅಂತ ನೋಡಲು, ಕಂಪನಿ ಕೊಡುತ್ತಿದ್ದ ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆಯ ದಾಖಲೆ ತೆಗೆಸಿದರು. ಹೌದು, ಡ್ರೈವರುಗಳ ಸೊಂಟ ಕಂಡಕ್ಟರುಗಳಿಗಿಂತ ದೊಡ್ಡದಿತ್ತು. ಚಿಕ್ಕ ವಯಸ್ಸಿನವರಲ್ಲೂ ಆ ವ್ಯತ್ಯಾಸ ಇತ್ತು. ತನ್ನದೇ ಸಿದ್ಧಾಂತಕ್ಕೆ ಏಟು ಬೀಳಬಹುದಾದ ಆ ಲೆಕ್ಕವನ್ನು 1956ರಲ್ಲಿ ಅದೇ ಪತ್ರಿಕೆಯಲ್ಲಿ ತಾವೇ ಅಚ್ಚು ಹಾಕಿಸಿದರು. ಅಪ್ಪನ ಖಾಕಿ ಪ್ಯಾಂಟಿನ ತೇಪೆ ನೆನಪಾಗಿ ನಾನು ಅದನ್ನ ಎರಡು ಸಲ ಓದಿದೆ.

ಕಂಡಕ್ಟರ್ ಕೆಲಸ ಎಲ್ಲರಿಗೂ ಸಿಗಲ್ವಲ್ಲ. ಕೂತು ದುಡಿಯುವವರ ಗತಿ ಏನು? ಮಾರಿಸ್ ಈ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. ಸರ್ಕಾರಿ ಕಚೇರಿಗಳಲ್ಲಿ ಮೇಜಿನ ಮುಂದೆ ಕೂರುವ, 40ರಿಂದ 64 ವಯಸ್ಸಿನ ಸುಮಾರು 17,000 ಗಂಡಸರಿಗೆ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ ಅಂತ ಬರೆದುಕೊಡಲು ಹೇಳಿದರು. ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದರು. 1973ರಲ್ಲಿ ಬಂದ ಉತ್ತರ ಇದು: ಕೆಲಸ ಕೂತು ಮಾಡುವಂಥದ್ದೇ ಆದರೂ ಬಿಡುವಿನಲ್ಲಿ ಮೈ ಬೆವರುವ ಹಾಗೆ ಏನಾದರೂ ಮಾಡುವವರಿಗೆ ಹೃದಯದ ಕಾಯಿಲೆ ಕಡಿಮೆ. ಐಟಿಯವರಿಗೆ ಇದಕ್ಕಿಂತ ಮುಖ್ಯವಾದ ವಾಕ್ಯ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತೆ. ನಮ್ಮ ಕುರ್ಚಿ ಹಣೆಬರಹ ಅಲ್ಲ ಅಂತ ಹೇಳಿದ ಮೊದಲ ಲೆಕ್ಕಗಳಲ್ಲಿ ಅದೂ ಒಂದು. ಮಾರಿಸ್ ತಾವೂ ಓಡಲು ಶುರು ಮಾಡಿದ್ದರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಡಾಕ್ಟರು ಲೆಕ್ಕ ಕೊಟ್ಟರು, ಸರಿ. ಓಡೋದು ಹೇಗೆ ಅಂತ ಹೇಳಿಕೊಟ್ಟವನು ಭೂಮಿಯ ಆ ಕಡೆ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶೂ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್. 1917ರಲ್ಲಿ ಹುಟ್ಟಿದವನು, ರಗ್ಬಿ ಆಡುತ್ತಿದ್ದ, ತಾನು ಗಟ್ಟಿಮುಟ್ಟಾಗಿದ್ದೀನಿ ಅಂದುಕೊಂಡಿದ್ದ. ಇಪ್ಪತ್ತೇಳು-ಇಪ್ಪತ್ತೆಂಟರ ವಯಸ್ಸಿನಲ್ಲಿ ತನಗಿಂತ ಹಿರಿಯ ಗೆಳೆಯನೊಬ್ಬ ಐದು ಮೈಲಿ ಓಡಿಸಿದಾಗ ಪ್ರಾಣ ಹೋದ ಹಾಗಾಯಿತು. ಈಗಲೇ ಹೀಗಾದರೆ ನಲವತ್ತೇಳಕ್ಕೆ ನನ್ನ ಗತಿ ಏನು ಅನ್ನೋ ಹೆದರಿಕೆ ಅವನನ್ನು ಓಟಕ್ಕೆ ಹಚ್ಚಿತು. ನನ್ನ ಸ್ಪೋರ್ಟ್ಸ್ ಡೇ ನೆನಪಾಯ್ತಾ? ನನಗಂತೂ ಆಯ್ತು. ಮನೆಯಲ್ಲಿ ಹೆಂಡತಿ ಮಕ್ಕಳು, ಹೊಟ್ಟೆಪಾಡಿಗೆ ಫ್ಯಾಕ್ಟರಿ, ಅದು ಸಾಲದೆ ಒಂದಷ್ಟು ಕಾಲ ಬೆಳಗಿನ ಜಾವ ಹಾಲು ಹಾಕುವ ಕೆಲಸ. ಇದರ ಮಧ್ಯೆ ತನ್ನ ಮೈ ಮೇಲೇ ಪ್ರಯೋಗ ಮಾಡಿಕೊಂಡ. ತುಂಬಾ ಓಡಿದ, ಸುಸ್ತಾದ, ಕಡಿಮೆ ಮಾಡಿದ, ಮತ್ತೆ ಓಡಿದ. 1953ರಲ್ಲಿ, ನನ್ನ ಈಗಿನ ವಯಸ್ಸಿನಲ್ಲಿ, ನ್ಯೂಜಿಲೆಂಡಿನ ಮ್ಯಾರಥಾನ್ ಚಾಂಪಿಯನ್ ಆದ. ಅವನ ಕೇರಿಯ ಸುತ್ತಮುತ್ತಲ ಹುಡುಗರೇ ಅವನ ಶಿಷ್ಯರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರಲ್ಲಿ ಇಬ್ಬರು, ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್, ಒಂದೇ ದಿನ ಚಿನ್ನ ಗೆದ್ದರು.

ಲಿಡಿಯಾರ್ಡ್ ಕಂಡುಕೊಂಡ ಗುಟ್ಟು ಕೇಳಿದರೆ ನಗು ಬರುತ್ತೆ. ನಿಧಾನಕ್ಕೆ ಓಡು. ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ಮಾತಾಡೋಕಾಗದಿದ್ದರೆ ನೀನು ಜೋರಾಗಿ ಓಡ್ತಿದ್ದೀಯ ಅಂತ ಅರ್ಥ. ಪದಕದವರಿಗೆ ಹೇಳಿದ ಈ ಮಾತನ್ನೇ ಅವನು ಹೊಟ್ಟೆ ಬಂದ ನಡುವಯಸ್ಸಿನ ವ್ಯಾಪಾರಸ್ಥರಿಗೂ ಹೇಳಿದ. ಅವರಲ್ಲಿ ಹೃದಯಾಘಾತ ಆಗಿ ಉಳಿದವರೂ ಇದ್ದರು. ಹೃದಯದ ರೋಗಿಗೆ ಹಾಸಿಗೆಯೇ ಗತಿ ಅಂತ ಡಾಕ್ಟರುಗಳು ಹೇಳುತ್ತಿದ್ದ ಕಾಲ ಅದು. 1962ರಲ್ಲಿ ಆಕ್ಲೆಂಡ್ ಜಾಗರ್ಸ್ ಕ್ಲಬ್ ಶುರುವಾಯಿತು. ಗೆಲ್ಲೋಕಲ್ಲದೆ ಬದುಕೋಕೆ ಓಡುವವರ ಕೂಟ.

ಅದೇ ವರ್ಷದ ಕೊನೆಗೆ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಓಟದ ಕೋಚ್ ಬಿಲ್ ಬೋವರ್‌ಮನ್ ತನ್ನ ಹುಡುಗರನ್ನು ಕರೆದುಕೊಂಡು ನ್ಯೂಜಿಲೆಂಡಿಗೆ ಬಂದರು. ಒಂದು ಭಾನುವಾರ ಲಿಡಿಯಾರ್ಡ್ ಅವರನ್ನು ತನ್ನ ಗುಂಪಿನ ಜೊತೆ ಓಡೋಕೆ ಕರೆದ. ಕೋಚ್ ಅಲ್ವಾ, ಹೊರಟರು. ಸ್ವಲ್ಪ ದೂರಕ್ಕೇ ಉಸಿರು ಕಟ್ಟಿತು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಅಜ್ಜನೊಬ್ಬ ಪಾಪ ಅಂತ ಅವರಿಗೋಸ್ಕರ ಹಿಂದೆ ಉಳಿದುಕೊಂಡು ಜೊತೆಗೆ ಓಡಿದ. ಐವತ್ತೊಂದರ ಬೋವರ್‌ಮನ್‌ಗೆ ಅವಮಾನವಾಯಿತು. ಆದರೆ ಅಲ್ಲಿದ್ದಷ್ಟು ದಿನ ದಿನಾ ಓಡಿದರು. ಊರಿಗೆ ಹೋಗಿ ಯೂಜೀನ್‌ನ ಜನರನ್ನು ಮೈದಾನಕ್ಕೆ ಕರೆದರು. ಮೊದಲು ಹತ್ತಿಪ್ಪತ್ತು ಜನ ಬಂದವರು ವಾರಗಳಲ್ಲಿ ನೂರಾರಾದರು. ಈ ಜಾತ್ರೆಯಲ್ಲಿ ಯಾರಾದರೂ ಬಿದ್ದು ಸತ್ತರೆ ಅಂತ ಹೆದರಿ ಅವರನ್ನು ಮನೆಗೆ ಕಳಿಸಿ, ವಾಲ್ಡೋ ಹ್ಯಾರಿಸ್ ಅನ್ನೋ ಹೃದಯದ ಡಾಕ್ಟರ ಜೊತೆ ಕೂತು ನಡಿಗೆಯಿಂದ ಓಟಕ್ಕೆ ಹೋಗುವ ಪಾಠವನ್ನು ವಾರದ ಲೆಕ್ಕದಲ್ಲಿ ಬರೆದರು. 1967ರಲ್ಲಿ ಅದು ‘ಜಾಗಿಂಗ್’ ಅನ್ನೋ ಪುಸ್ತಕವಾಗಿ ಬಂದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಇದೇ ಬೋವರ್‌ಮನ್.

ಅಮೆರಿಕದಲ್ಲೂ ಆಗ ನಮ್ಮಮ್ಮನ ಥರದವರೇ ಜಾಸ್ತಿ. ರಸ್ತೆಯಲ್ಲಿ ಓಡುವ ದೊಡ್ಡವನು ಕಳ್ಳನೋ ಹುಚ್ಚನೋ ಇರಬೇಕು ಅನ್ನೋ ಅನುಮಾನ. 1968ರಲ್ಲಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಬೆಳಿಗ್ಗೆ ಓಡುತ್ತಿದ್ದಾಗ ಪೊಲೀಸರೇ ತಡೆದು ವಿಚಾರಿಸಿದ್ದರು. ಈಗ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಓಡದೆ ಸುಮ್ಮನೆ ನಿಂತವನನ್ನೇ ಜನ ವಿಚಿತ್ರವಾಗಿ ನೋಡೋದು. ಬದಲಾಗಲು ಅರವತ್ತು ವರ್ಷವೂ ಬೇಕಾಗಲಿಲ್ಲ.

ಇಷ್ಟೆಲ್ಲ ಓದಿ ಉತ್ಸಾಹ ಬಂದು, ನಾಳೆಯಿಂದ ಐದೂವರೆಗೆ ಎದ್ದು ಓಡೋಕೆ ಹೋಗ್ತೀನಿ ಅಂತ ಮನೆಯಲ್ಲಿ ಘೋಷಿಸಿದೆ. ಹೆಂಡತಿ ತಲೆ ಎತ್ತದೆ ಕೇಳಿದಳು, ‘ಸರಿ ರೀ. ಡಬ್ಬಿ ಯಾರು ಕಟ್ತಾರೆ? ಚಿಕ್ಕವನು ಎದ್ದರೆ ಯಾರು ನೋಡ್ತಾರೆ?’ ಅವಳೂ ಕೆಲಸಕ್ಕೆ ಹೋಗೋಳು. ಅವಳಿಗೂ ಮೂವತ್ತು ದಾಟಿದೆ, ಅವಳ ಬೆನ್ನೂ ನೋಯುತ್ತೆ. ನನ್ನ ಅರ್ಧ ಗಂಟೆ ಓಟ ಆಕಾಶದಿಂದ ಬೀಳಲ್ಲ, ಅವಳ ಅರ್ಧ ಗಂಟೆಯಿಂದ ಕತ್ತರಿಸಿಕೊಳ್ಳಬೇಕು. ನಾನು ಓದಿದ ಚರಿತ್ರೆಯಲ್ಲಿ ಮಾರಿಸ್ ಲೆಕ್ಕ ಹಾಕಿದವರು ಗಂಡಸರೇ, ಲಿಡಿಯಾರ್ಡ್‌ನ ವ್ಯಾಪಾರಸ್ಥರು ಗಂಡಸರೇ. ಅವರು ಓಡುವಾಗ ಮನೆಯಲ್ಲಿ ಮಕ್ಕಳನ್ನು ಯಾರೋ ನೋಡಿಕೊಂಡಿದ್ದರಲ್ಲ, ಅವರ ಲೆಕ್ಕ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ.

ಆಗ ಸಿಕ್ಕಿದವಳು ನೆದರ್ಲೆಂಡ್ಸಿನ ಫ್ಯಾನಿ ಬ್ಲಾಂಕರ್ಸ್-ಕೊಯೆನ್. 1936ರ ಬರ್ಲಿನ್ ಒಲಿಂಪಿಕ್ಸಿಗೆ ಹೋದಾಗ ಹದಿನೆಂಟು. ಆಮೇಲಿನ ಎರಡು ಒಲಿಂಪಿಕ್ಸು ಯುದ್ಧದ ಬಾಯಿಗೆ ಹೋದವು. 1948ರಲ್ಲಿ ಲಂಡನ್ನಿಗೆ ಬರುವಾಗ ವಯಸ್ಸು ಮೂವತ್ತು, ಎರಡು ಮಕ್ಕಳ ತಾಯಿ. ವಯಸ್ಸಾಯ್ತು, ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿರಲಿ ಅಂತ ಜನ ಕಾಗದ ಬರೆದರು, ಪತ್ರಿಕೆಯವರೂ ಬರೆದರು. ಅವಳು ಮಕ್ಕಳನ್ನು ಕಟ್ಟಿಕೊಂಡೇ ಮೈದಾನಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದಳು. ಅದೂ ದಿನಾ ಅಲ್ಲ, ವಾರಕ್ಕೆ ಎರಡು ಸಲ, ಎರಡೆರಡು ಗಂಟೆ. ಆ ಕೂಟದಲ್ಲಿ 100 ಮೀಟರ್, 80 ಮೀಟರ್ ಹರ್ಡಲ್ಸ್, 200 ಮೀಟರ್, ರಿಲೇ ಸೇರಿ ನಾಲ್ಕು ಚಿನ್ನ ಗೆದ್ದಳು. ಪತ್ರಿಕೆಯವರು ಆಗಲೂ ಕೊಟ್ಟ ಬಿರುದು ‘ಹಾರುವ ಗೃಹಿಣಿ’. ಆಮ್‌ಸ್ಟರ್‌ಡ್ಯಾಮಿನಲ್ಲಿ ಕುದುರೆ ಸಾರೋಟಿನ ಮೆರವಣಿಗೆಯಾಯಿತು. ನೆರೆಹೊರೆಯವರು ಇನ್ನು ಮೇಲೆ ಇಷ್ಟು ಓಡಬೇಡಮ್ಮ ಅಂತ ಒಂದು ಸೈಕಲ್ ಉಡುಗೊರೆ ಕೊಟ್ಟರು. ನಮ್ಮಕ್ಕನ ನೆನಪಾಯಿತು. ನನಗಿಂತ ಚೆನ್ನಾಗಿ ಓಡುತ್ತಿದ್ದಳು. ಎಂಟನೇ ಕ್ಲಾಸಿನ ಮೇಲೆ ಅವಳನ್ನ ಕ್ರೀಡಾಕೂಟಕ್ಕೆ ಕಳಿಸಲಿಲ್ಲ. ಯಾರೂ ಬೇಡ ಅಂತ ಜಗಳ ಮಾಡಿದ್ದಲ್ಲ, ಕಳಿಸಲಿಲ್ಲ ಅಷ್ಟೇ. ನಾನು ಸ್ಟೀಲ್ ತಟ್ಟೆ ತಂದ ದಿನ ಅವಳು ಏನಂದುಕೊಂಡಳು ಅಂತ ಇವತ್ತಿಗೂ ಕೇಳಿಲ್ಲ.

ಹೀಗೆ ಒಪ್ಪಂದವಾಯಿತು. ಸೋಮ, ಬುಧ, ಶುಕ್ರ ಬೆಳಿಗ್ಗೆ ನಾನು. ಮಂಗಳ, ಗುರು, ಶನಿ ಅವಳು. ಉಳಿದವರ ಪಾಲಿಗೆ ಡಬ್ಬಿ. ಭಾನುವಾರ ನಾಲ್ಕೂ ಜನ ಲಾಲ್‌ಬಾಗಿಗೆ. ಮೊದಲ ವಾರ ನಾನು ಓಡಿದ್ದು ಒಂದು ನಿಮಿಷ, ನಡೆದದ್ದು ಎರಡು ನಿಮಿಷ, ಹೀಗೆ ಇಪ್ಪತ್ತು ನಿಮಿಷ. ಲಿಡಿಯಾರ್ಡ್ ಹೇಳಿದ ಹಾಗೆ ಮಾತಾಡಿಕೊಂಡು ಓಡಬೇಕಲ್ಲ, ಜೊತೆಗೆ ಯಾರೂ ಇಲ್ಲ, ಹದಿನೇಳರ ಮಗ್ಗಿ ಹೇಳಿಕೊಂಡು ಓಡಿದೆ. ಮಗ್ಗಿ ತಪ್ಪಿದರೆ ನಡಿಗೆ.

ಎರಡನೇ ವಾರಕ್ಕೆ ಚಿಕ್ಕವನಿಗೆ ಜ್ವರ. ಮೂರನೇ ವಾರ ಆಫೀಸಿನಲ್ಲಿ ರಿಲೀಸು. ಹಿಂದೆ ಎಷ್ಟೋ ಸಲ ನಾನು ಕೈ ಬಿಟ್ಟಿರೋದು ಇಲ್ಲೇ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತೆ ಅಂತಾರಲ್ಲ, ತಪ್ಪಿತು ಅಂದರೆ ಎಲ್ಲ ಹಾಳು ಅಂತ ಅಂದುಕೊಳ್ಳುತ್ತಿದ್ದೆ. ಈ ಇಪ್ಪತ್ತೊಂದರ ಮೂಲ ಹುಡುಕಿದರೆ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ಸಿಗುತ್ತಾರೆ. ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಮ್ಮಿ ಅಂದರೂ ಮೂರು ವಾರ ಬೇಕು ಅಂತ 1960ರ ಪುಸ್ತಕದಲ್ಲಿ ಬರೆದಿದ್ದರು. ಆ ‘ಕಮ್ಮಿ ಅಂದರೂ’ ಬಾಯಿಂದ ಬಾಯಿಗೆ ಹೋಗುವಾಗ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ನಿಜವಾಗಿ ಗಮನಿಸಿ ನೋಡಿದಾಗ ಒಂದು ಅಭ್ಯಾಸ ತನ್ನಷ್ಟಕ್ಕೆ ನಡೆಯಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಏನೂ ಆಗಲಿಲ್ಲ. ಮಕ್ಕಳಿರುವವರಿಗೆ ಬೇಕಾದ ಮಾತು ಅದೇ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನೋದೂ ಹೀಗೇ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಾಸಾ ಅನ್ನೋ ಜಪಾನೀ ಗಡಿಯಾರದ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ಮಾನ್‌ಪೊ-ಕೆಯ್’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಕೇಳೋಕೆ ಚೆನ್ನಾಗಿತ್ತು, ಉಳಿದುಕೊಂಡಿತು. 2019ರಲ್ಲಿ ಐ-ಮಿನ್ ಲೀ ಅವರ ತಂಡ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿದಾಗ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲೇ ಸಾವು ಕಡಿಮೆ ಇತ್ತು. 7,500ರ ಹತ್ತಿರ ಹೆಚ್ಚುವರಿ ಲಾಭ ನಿಂತುಬಿಟ್ಟಿತು. ಮೊದಲು ವಿಶ್ವ ಆರೋಗ್ಯ ಸಂಸ್ಥೆ ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಬೇಕು ಅನ್ನುತ್ತಿತ್ತು. 2020ರಲ್ಲಿ ಆ ಷರತ್ತನ್ನೂ ಕೈಬಿಟ್ಟಿತು. ಎರಡು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬಂತು. ಸುತ್ತಿ ಬಳಸಿ ಮತ್ತೆ ಕಂಡಕ್ಟರ್ ಹತ್ತಿರಕ್ಕೇ ಬಂದೆವು.

ಇನ್ನೊಂದು ಕಥೆ ಹೇಳದೆ ಮುಗಿಸಿದರೆ ಮೋಸವಾಗುತ್ತೆ. ಜಿಮ್ ಫಿಕ್ಸ್ ಅಮೆರಿಕದ ಬರಹಗಾರ. ಮೂವತ್ತೈದರ ವಯಸ್ಸಿನಲ್ಲಿ ದಪ್ಪಗಿದ್ದ, ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ. ಓಡಲು ಶುರು ಮಾಡಿದ, ಸಿಗರೇಟು ಬಿಟ್ಟ, ತೂಕ ಇಳಿಸಿದ. 1977ರಲ್ಲಿ ಓಟದ ಬಗ್ಗೆ ಅವನು ಬರೆದ ಪುಸ್ತಕ ಅಮೆರಿಕವನ್ನೇ ಓಡಿಸಿತು. 1984ರ ಜುಲೈನಲ್ಲಿ ವರ್ಮಾಂಟಿನ ರಸ್ತೆಯಲ್ಲಿ ಓಡುತ್ತಲೇ ಬಿದ್ದು ಸತ್ತ. ವಯಸ್ಸು 52. ನೋಡಿದಿರಾ, ಓಡಿದರೂ ಸಾಯೋದು ತಪ್ಪಲ್ಲ ಅಂತ ಕುರ್ಚಿಯವರೆಲ್ಲ ನಕ್ಕರು. ಪೋಸ್ಟ್‌ಮಾರ್ಟಂ ಮಾಡಿದಾಗ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು. ಅವನ ಅಪ್ಪನಿಗೆ 35ಕ್ಕೆ ಮೊದಲ ಹೃದಯಾಘಾತ ಆಗಿತ್ತು, 43ಕ್ಕೆ ಸತ್ತಿದ್ದರು. ಆ ಅಪ್ಪನಿಗಿಂತ ಮಗ ಒಂಬತ್ತು ವರ್ಷ ಜಾಸ್ತಿ ಬದುಕಿದ್ದ. ಆದರೆ ಓಡ್ತೀನಲ್ಲ, ನನಗೇನಾಗುತ್ತೆ ಅನ್ನೋ ಧೈರ್ಯ ಮೈಯ ಸೂಚನೆಗಳನ್ನು ಮುಚ್ಚಿ ಹಾಕಿತ್ತು.

ಇದನ್ನು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತೆ. ಎರಡು ವರ್ಷದಿಂದ ಹೆಂಡತಿ ಒಂದು ಟಿಎಂಟಿ ಮಾಡಿಸಿ ಅಂತ ಹೇಳ್ತಾನೇ ಇದ್ದಳು, ನಾನು ಮುಂದಿನ ತಿಂಗಳು ಅಂತಾನೇ ಇದ್ದೆ. ಹೆದರಿಕೆ ಇದ್ದಿದ್ದು ಓಟಕ್ಕಲ್ಲ, ರಿಪೋರ್ಟಿಗೆ. ಆ ವಾರವೇ ಹೋದೆ. ಎದೆಗೆ ವೈರು ಅಂಟಿಸಿ ಬೆಲ್ಟಿನ ಮೇಲೆ ನಿಲ್ಲಿಸಿದರು. ಮೂರು ಮೂರು ನಿಮಿಷಕ್ಕೆ ಏರು ಹೆಚ್ಚಾಗುತ್ತೆ, ವೇಗ ಹೆಚ್ಚಾಗುತ್ತೆ. ಸಿಯಾಟಲಿನ ರಾಬರ್ಟ್ ಬ್ರೂಸ್ ಅನ್ನೋ ಡಾಕ್ಟರು 1963ರಲ್ಲಿ ಪ್ರಕಟಿಸಿದ ಕ್ರಮ ಅದು. ಟ್ರೆಡ್‌ಮಿಲ್ಲಿನ ಮೂಲ ಇನ್ನೂ ಹಿಂದಕ್ಕೆ ಹೋಗುತ್ತೆ, ಜೈಲಿಗೆ. 1818ರ ಹೊತ್ತಿಗೆ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಅನ್ನೋ ಇಂಜಿನಿಯರ್ ಕೈದಿಗಳಿಗೆ ಶಿಕ್ಷೆಯಾಗಿ ಮೆಟ್ಟಿಲಿನ ದೊಡ್ಡ ಚಕ್ರ ಮಾಡಿಕೊಟ್ಟಿದ್ದ. ಹತ್ತುತ್ತಲೇ ಇರಬೇಕು, ಮೇಲೆ ಹೋಗೋ ಹಾಗಿಲ್ಲ. ನಮ್ಮ ಕಸುಬಿನವನೇ! ಬೆಲ್ಟಿನ ಮೇಲೆ ಏದುಸಿರು ಬಿಡುತ್ತಾ, ಏನು ತಪ್ಪು ಮಾಡಿದೀನಿ ಅಂತ ಈ ಶಿಕ್ಷೆ ಅಂತ ಯೋಚಿಸಿದೆ. ಮಾಡಿದ ತಪ್ಪು ಚೆನ್ನಾಗೇ ಗೊತ್ತಿತ್ತು. ಟಿಎಂಟಿ ನೆಗೆಟಿವ್ ಬಂತು. ಕೊಲೆಸ್ಟರಾಲ್ ಮಾತ್ರ ಜಾಸ್ತಿ. ಡಾಕ್ಟರು ಅಪ್ಪನ ವಿಷಯ ಕೇಳಿ, ಒಂದು ಮಾತ್ರೆ ಬರೆದು, ಓಡಿ, ಆದರೆ ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದರು. ನಿಮ್ಮ ಮನೆಯಲ್ಲೂ ಯಾರಾದರೂ ಬೇಗ ಹೋಗಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಶೂ ಅಂಗಡಿಗೆ.

ಈಗ ಏಳು ತಿಂಗಳಾಯಿತು. ನಿಲ್ಲದೆ ನಾಲ್ಕು ಕಿಲೋಮೀಟರ್ ಓಡ್ತೀನಿ, ಹದಿನೇಳರ ಮಗ್ಗಿ ತಪ್ಪಲ್ಲ. ವಾರದ ಮೂರು ದಿನದಲ್ಲಿ ಎರಡು ಖಂಡಿತ, ಮೂರನೆಯದು ಮಕ್ಕಳ ಮೂಗು ಸೋರೋದರ ಮೇಲೆ. ಸೊಂಟ ಒಂದೂವರೆ ಇಂಚು ಇಳಿದಿದೆ. ಮಾರಿಸ್ ಇದ್ದಿದ್ದರೆ ಪ್ಯಾಂಟು ತೋರಿಸುತ್ತಿದ್ದೆ.

ಲಿಫ್ಟಿಗೆ ಮಾತ್ರ ನಾವು ಸಂಜೆ ಹತ್ತಲ್ಲ. ಒಂದು ಮಹಡಿಗೆ ಇಪ್ಪತ್ತು, ಐದು ಮಹಡಿಗೆ ನೂರು ಮೆಟ್ಟಿಲು. ಪಾರ್ಕಿಗೆ ಹೋಗಿ ಬಂದರೆ ಒಂದು ಸಲ, ಹಾಲು ತರೋಕೆ ಹೋದರೆ ಇನ್ನೊಂದು ಸಲ. ಲಂಡನ್ನಿನ ಕಂಡಕ್ಟರ ಐನೂರಕ್ಕೆ ಇನ್ನೂ ಮುನ್ನೂರು ಬಾಕಿ. ಮಗಳಿಗೆ ಅವಳ ತಾತ ಬಸ್ ಓಡಿಸುತ್ತಿದ್ದರು ಅಂತ ಹೇಳಿದ ಮೇಲೆ ಹೊಸ ಆಟ ಶುರುವಾಗಿದೆ. ನಾನು ಡ್ರೈವರ್, ಅವಳು ಕಂಡಕ್ಟರ್. ಚಿಕ್ಕವನು ನನ್ನ ಹೆಗಲ ಮೇಲೆ, ಅವನೇ ಟಾಪ್ ಲಗೇಜು. ಮೂರನೇ ಮಹಡಿಗೆ ಬರುವಷ್ಟರಲ್ಲಿ ನನ್ನ ಉಸಿರು ನೋಡಿ ಅವಳೇ ಕೂಗ್ತಾಳೆ, ‘ಹೋಲ್ಡಾನ್!’ ನಾನು ಗೋಡೆ ಹಿಡಿದು ನಿಲ್ತೀನಿ. ಅವಳು ಮುಖ ನೋಡ್ತಾಳೆ, ಸ್ವಲ್ಪ ಹೊತ್ತು ಕಾಯ್ತಾಳೆ.

‘ರೈಟ್, ಹೋಗೋಣ ಅಪ್ಪಾ.’